ವೆರ್ದಿಯ ಒಪೆರಾ ನೋಡಿ ಜನ ಇವತ್ತಿಗೂ ಯಾಕೆ ಅಳುತ್ತಾರೆ?

ಪ್ರಶ್ನೆ: ನನ್ನ ಮಗಳು ಮಿಲಾನ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಸಲ ಅವಳ ಹತ್ತಿರ ಹೋಗಿದ್ದಾಗ ಲಾ ಸ್ಕಾಲಾ ರಂಗಮಂದಿರದಲ್ಲಿ ವೆರ್ದಿಯ ‘ರಿಗೊಲೆಟ್ಟೊ’ ಒಪೆರಾ ತೋರಿಸಿದಳು. ನಾನು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳಿ ಬೆಳೆದವಳು. ನಿಜ ಹೇಳಬೇಕೆಂದರೆ ಅರ್ಧ ಹೊತ್ತು ಬರೀ ಕಿರುಚಾಟ ಅನಿಸಿತು. ಆದರೆ ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಕೊನೆಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರು ಈ ವೆರ್ದಿ? ಅಷ್ಟು ಹಳೆಯ ಕಥೆಗೆ ಜನ ಈಗಲೂ ಯಾಕೆ ಅಳುತ್ತಾರೆ? ಮುಂದಿನ ಸಲ ‘ಲಾ ಟ್ರಾವಿಯಾಟಾ’ ನೋಡೋಣ ಎನ್ನುತ್ತಿದ್ದಾಳೆ. ಇಟಾಲಿಯನ್ ಬಾರದ ನಾನು ಅದನ್ನು ಹೇಗೆ ಕೇಳಬೇಕು?

ಉತ್ತರ: ವೆರ್ದಿ ಇಟಲಿಯ ಸಂಗೀತ ಸಂಯೋಜಕ, ಒಪೆರಾಗಳಿಗೆ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳಿಗೆ, ಸಂಗೀತ ಬರೆದವರು. ಅವರ ಜೀವನದ ಮಾತು ಆಮೇಲೆ, ಮೊದಲು ಆ ಕಿರುಚಾಟದ ಮಾತಿಗೆ ಬರುತ್ತೇನೆ. ನಮ್ಮ ಕಡೆಯಿಂದ ಹೋಗಿ ಒಪೆರಾ ಕೇಳಿದವರು ತುಂಬ ಜನ ಇದನ್ನೇ ಹೇಳುತ್ತಾರೆ. ನೀವು ಅವತ್ತು ಕೇಳಿದ್ದು ಮೈಕ್ ಇಲ್ಲದ ಗಂಟಲು. ಲಾ ಸ್ಕಾಲಾದಲ್ಲಿ ಸುಮಾರು 2,000 ಜನ ಕೂರುತ್ತಾರೆ. ವೇದಿಕೆಯ ಮುಂದೆ ತಗ್ಗಿನಲ್ಲಿ ಅರವತ್ತೋ ಎಪ್ಪತ್ತೋ ವಾದ್ಯಗಳಿರುತ್ತವೆ. ಅವೆಲ್ಲವನ್ನೂ ದಾಟಿ, ಮೇಲಿನ ಗ್ಯಾಲರಿಯ ಕೊನೆಯ ಸಾಲಿನವರೆಗೂ ಒಂಟಿ ದನಿ ತಲುಪಬೇಕು. ಅದಕ್ಕಾಗಿ ಗಾಯಕರು ವರ್ಷಗಟ್ಟಲೆ ಸಾಧನೆ ಮಾಡಿ, ಆರ್ಕೆಸ್ಟ್ರಾದ ಸದ್ದು ಎಲ್ಲಿ ತೆಳುವಾಗಿರುತ್ತದೋ ಆ ಎತ್ತರದ ಕಂಪನದಲ್ಲಿ, ಅಂದರೆ ಸುಮಾರು 3,000 ಹರ್ಟ್ಸ್ ಆಸುಪಾಸಿನಲ್ಲಿ, ತಮ್ಮ ದನಿಗೆ ಮೊನಚು ತಂದುಕೊಳ್ಳುತ್ತಾರೆ. ತಂಬೂರಿಯ ಪಕ್ಕ ಕೂತು ಹಾಡುವ ದನಿಗೆ ಒಗ್ಗಿದ ಕಿವಿಗೆ ಆ ಮೊನಚು ಚುಚ್ಚುತ್ತದೆ. ಅದು ನಿಮ್ಮ ತಪ್ಪಲ್ಲ.

ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಷಡ್ಜ ಅಂದರೆ ಷಡ್ಜ. ಕಛೇರಿ ಮುಗಿಯುವ ತನಕ ಅದು ಅಲ್ಲೇ ಇರುತ್ತದೆ, ನಾವು ಅದಕ್ಕೆ ಒರಗಿಕೊಂಡು ಕೇಳುತ್ತೇವೆ. ಒಪೆರಾದಲ್ಲಿ ಆ ಆಧಾರವೇ ಜಾಗ ಬದಲಿಸುತ್ತದೆ. ಪಾತ್ರದ ಮನಸ್ಸು ತಿರುಗಿದರೆ ಷಡ್ಜವೂ ತಿರುಗುತ್ತದೆ. ಗ್ರಹಭೇದ ಮಾಡಿದಾಗ, ಅಂದರೆ ಷಡ್ಜವನ್ನೇ ಬೇರೆ ಸ್ವರಕ್ಕೆ ಸರಿಸಿದಾಗ, ಒಂದು ಕ್ಷಣ ತಲೆ ತಿರುಗಿದ ಹಾಗಾಗುತ್ತದಲ್ಲ, ಇಲ್ಲಿ ಹಾಗೆ ರಾತ್ರಿಯಿಡೀ ಆಗುತ್ತಿರುತ್ತದೆ. ರಾಗದ ವಿಸ್ತಾರ ಹುಡುಕುತ್ತಾ ಕೂತರೆ ನಿಮಗೆ ನಿರಾಸೆಯೇ. ಅಲ್ಲಿ ಹುಡುಕಬೇಕಾದ್ದು ಬೇರೆ.

ಆ ಬೇರೆ ಏನು ಅನ್ನುವುದಕ್ಕೆ ನೀವೇ ನೋಡಿದ ರಿಗೊಲೆಟ್ಟೊ ಕಥೆಯನ್ನೇ ಹಿಡಿಯೋಣ. ಮಾಂಟುವಾ ಎಂಬ ಊರಿನ ಡ್ಯೂಕ್, ಹೆಂಗಸರ ಬೆನ್ನು ಹತ್ತಿದವನು. ಅವನ ವಿದೂಷಕ ರಿಗೊಲೆಟ್ಟೊ, ಗೂನು ಬೆನ್ನಿನವನು, ಬಾಯಿ ಕೆಟ್ಟದ್ದು. ಡ್ಯೂಕ್‌ನಿಂದ ಮಗಳ ಮಾನ ಹೋದ ಮುದುಕನೊಬ್ಬ ಆಸ್ಥಾನಕ್ಕೆ ಬಂದು ಗೋಳಾಡಿದಾಗ ಈ ವಿದೂಷಕ ಅವನನ್ನು ಅಣಕಿಸುತ್ತಾನೆ. ಮುದುಕ ಶಾಪ ಹಾಕುತ್ತಾನೆ. ರಿಗೊಲೆಟ್ಟೊಗೂ ಒಬ್ಬಳೇ ಮಗಳು, ಜಿಲ್ಡಾ. ಊರಿಗೆ ಗೊತ್ತಾಗದ ಹಾಗೆ ಬಚ್ಚಿಟ್ಟು ಸಾಕಿದ್ದಾನೆ. ಅವಳೂ ಡ್ಯೂಕ್‌ನ ಬಲೆಗೆ ಬೀಳುತ್ತಾಳೆ. ಅಪ್ಪ ಡ್ಯೂಕ್‌ನನ್ನು ಕೊಲ್ಲಿಸಲು ಬಾಡಿಗೆ ಕೊಲೆಗಾರನನ್ನು ಹಿಡಿಯುತ್ತಾನೆ.

ಎರಡನೇ ಅಂಕದಲ್ಲಿ ಮಗಳನ್ನು ಕದ್ದೊಯ್ದ ಆಸ್ಥಾನಿಕರ ಮುಂದೆ ರಿಗೊಲೆಟ್ಟೊ ಹಾಡುವುದು ನೆನಪಿದೆಯಾ? ಶುರುವಿನಲ್ಲಿ ಬೆಂಕಿ, ತಂತಿವಾದ್ಯಗಳೆಲ್ಲ ಕುದಿಯುತ್ತಿರುತ್ತವೆ, ಬೈಗುಳ. ಆಮೇಲೆ ಉಸಿರು ಸೋಲುತ್ತದೆ. ಕೊನೆಗೆ ಅದೇ ಮನುಷ್ಯ ಅದೇ ಜನರ ಕಾಲು ಹಿಡಿದು, ಮಗಳನ್ನು ಕೊಡಿ ಎಂದು ಬೇಡುತ್ತಾನೆ. ಆಗ ಕೆಳಗೆ ಚೆಲ್ಲೋ ಒಂದು, ದಪ್ಪ ದನಿಯ ದೊಡ್ಡ ಪಿಟೀಲಿನಂಥ ವಾದ್ಯ, ಅವನ ಜೊತೆಗೇ ಅಳುತ್ತಿರುತ್ತದೆ. ಸಿಟ್ಟಿನಿಂದ ಬೇಡಿಕೆಯವರೆಗೆ, ಐದು ನಿಮಿಷ ಕೂಡ ಇಲ್ಲ. ಮೊದಲ ಅಂಕದಲ್ಲಿ ನಾವು ಅಸಹ್ಯಪಟ್ಟ ಮನುಷ್ಯನೇ ಇವನು. ಅವನ ಕೆಟ್ಟತನವನ್ನು ವೆರ್ದಿ ಮುಚ್ಚಿಡಲಿಲ್ಲ, ಅವನು ಅಪ್ಪ ಅನ್ನುವುದನ್ನೂ ಬಿಡಲಿಲ್ಲ.

ನನ್ನ ಮಟ್ಟಿಗೆ ವೆರ್ದಿಯ ಶಕ್ತಿ ಇಲ್ಲಿದೆ. ಅವರ ರಂಗದ ಮೇಲೆ ಪ್ರತಿಯೊಬ್ಬರಿಗೂ ಅವರವರ ನ್ಯಾಯ ಇರುತ್ತದೆ, ಮತ್ತು ಅದು ಮಾತಿನಲ್ಲಲ್ಲ, ಸ್ವರದಲ್ಲಿ ಇರುತ್ತದೆ.

ಮೂರನೇ ಅಂಕದಲ್ಲಿ ನಾಲ್ಕು ಜನ ಒಟ್ಟಿಗೆ ಹಾಡುತ್ತಾರಲ್ಲ, ಅದನ್ನು ಇನ್ನೊಮ್ಮೆ ಕೇಳಿ. ಒಳಗೆ ಡ್ಯೂಕ್ ಒಬ್ಬಳನ್ನು ಮರುಳು ಮಾಡುತ್ತಿದ್ದಾನೆ, ಉದ್ದುದ್ದ ಸಿಹಿ ಸಾಲುಗಳಲ್ಲಿ. ಅವಳು ಪಟಪಟ ನಗುತ್ತಾ ತಪ್ಪಿಸಿಕೊಳ್ಳುತ್ತಾಳೆ. ಹೊರಗೆ ಗೋಡೆಯ ಬಿರುಕಿನಿಂದ ಅದನ್ನು ನೋಡುತ್ತಿರುವ ಜಿಲ್ಡಾಳ ದನಿ ಬಿಕ್ಕಿಬಿಕ್ಕಿ ತುಂಡಾಗುತ್ತದೆ. ಪಕ್ಕದಲ್ಲಿ ಅಪ್ಪ, ಕೆಳ ಸ್ಥಾಯಿಯಲ್ಲಿ, ಹಲ್ಲು ಕಚ್ಚಿಕೊಂಡು. ನಾಲ್ಕು ಮನಸ್ಸು, ನಾಲ್ಕು ಸಾಲು, ಒಂದೇ ಹೊತ್ತು, ಆದರೂ ಒಂದೂ ಇನ್ನೊಂದನ್ನು ಮುಚ್ಚುವುದಿಲ್ಲ. ಬರೀ ಮಾತಿನ ನಾಟಕದಲ್ಲಿ ಇದು ಆಗದ ಕೆಲಸ. ಈ ಕಥೆಯ ಮೂಲ ನಾಟಕ ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೊ ಅವರದು. 1832ರಲ್ಲಿ ಪ್ಯಾರಿಸ್‌ನಲ್ಲಿ ಒಂದೇ ಪ್ರದರ್ಶನವಾದ ಮೇಲೆ ಅದನ್ನು ನಿಷೇಧಿಸಿದ್ದರು. ತಮ್ಮ ನಾಟಕವನ್ನು ಒಪೆರಾ ಮಾಡಿದ್ದಕ್ಕೆ ಹ್ಯೂಗೊಗೆ ಮೊದಲು ಸಿಟ್ಟಿತ್ತು. ಕೊನೆಗೆ ಈ ನಾಲ್ವರ ಹಾಡು ಕೇಳಿ ಅವರೂ ತಲೆದೂಗಿದರಂತೆ.

ಇನ್ನು ಜೀವನದ ಮಾತು. ಜುಸೆಪ್ಪೆ ವೆರ್ದಿ ಹುಟ್ಟಿದ್ದು 1813ರ ಅಕ್ಟೋಬರ್‌ನಲ್ಲಿ, ಉತ್ತರ ಇಟಲಿಯ ಬಯಲು ಸೀಮೆಯಲ್ಲಿ ಬುಸೆಟ್ಟೊ ಎಂಬ ಊರಿನ ಪಕ್ಕದ ಲೆ ರಾಂಕೊಲೆ ಹಳ್ಳಿಯಲ್ಲಿ. ಆಗ ಅಲ್ಲಿ ನೆಪೋಲಿಯನ್ನನ ಆಳ್ವಿಕೆ, ಹಾಗಾಗಿ ಜನನದ ದಾಖಲೆಯಲ್ಲಿ ಹೆಸರು ಫ್ರೆಂಚಿನಲ್ಲಿದೆ, ಜೋಸೆಫ್ ಅಂತ. ಅಪ್ಪನದು ಸಣ್ಣ ಹೋಟೆಲು, ಜೊತೆಗೆ ದಿನಸಿ. ತಾಯಿ ನೂಲು ತೆಗೆಯುತ್ತಿದ್ದವರು. ಅಂಥ ಮನೆಯಲ್ಲೂ ಅಪ್ಪ ಮಗನಿಗೊಂದು ಹಳೆಯ ಸ್ಪಿನೆಟ್ ತಂದುಕೊಟ್ಟಿದ್ದರು. ಅದು ಪಿಯಾನೊಗಿಂತ ಹಳೆಯ ಕಾಲದ, ಪುಟ್ಟ ಮನೆವಾದ್ಯ. 1821ರಲ್ಲಿ ಅದನ್ನು ರಿಪೇರಿ ಮಾಡಿದ ಕವಲೆಟ್ಟಿ ಎಂಬ ಕುಶಲಕರ್ಮಿ ದುಡ್ಡು ಮುಟ್ಟಲಿಲ್ಲ. ಈ ಹುಡುಗನಿಗೆ ಕಲಿಯುವ ಆಸೆ ಇರುವುದೇ ನನಗೆ ಸಾಕಷ್ಟು ಕೂಲಿ ಎಂದು ವಾದ್ಯದ ಒಳಗೆ ಬರೆದಿಟ್ಟು ಹೋದ. ಆ ಬರಹದ ಜೊತೆಗೇ ಆ ವಾದ್ಯ ಇವತ್ತಿಗೂ ಉಳಿದಿದೆ. ಮೂವತ್ತು ವರ್ಷದಿಂದ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಿರುವ ನನಗೆ ವೆರ್ದಿಯ ಜೀವನದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಮನುಷ್ಯ ಈ ಕವಲೆಟ್ಟಿ.

ಬುಸೆಟ್ಟೊದ ವ್ಯಾಪಾರಿ ಅಂಟೋನಿಯೊ ಬರೆಟ್ಸಿ ಹುಡುಗನನ್ನು ಮನೆಮಗನ ಹಾಗೆ ನೋಡಿಕೊಂಡು, 1832ರಲ್ಲಿ ಮಿಲಾನ್‌ಗೆ ಕಳಿಸಿದರು. ಅಲ್ಲಿನ ಸಂಗೀತ ಶಾಲೆ ಸೇರಿಸಿಕೊಳ್ಳಲಿಲ್ಲ. ವಯಸ್ಸು ಹೆಚ್ಚಾಗಿದೆ, ಬೇರೆ ಸಂಸ್ಥಾನದವನು, ಪಿಯಾನೊ ಮೇಲೆ ಕೈ ಇಡುವ ರೀತಿ ಸರಿ ಇಲ್ಲ, ಇವು ಕಾರಣಗಳು. ಆ ಶಾಲೆಗೆ ಇವತ್ತು ವೆರ್ದಿಯದೇ ಹೆಸರು. ಆಗ ಅವರು ವಿಂಚೆಂಜೊ ಲವೀಞ ಎಂಬ ಗುರುಗಳ ಹತ್ತಿರ ಖಾಸಗಿಯಾಗಿ ಕಲಿತರು. ಮೂರು ವರ್ಷ ಅವರು ಬರೆಸಿದ್ದು ಫ್ಯೂಗ್, ಕ್ಯಾನನ್, ಮತ್ತೆ ಫ್ಯೂಗ್. ಅಂದರೆ ಒಂದು ಸಾಲನ್ನು ಒಬ್ಬರಾದ ಮೇಲೊಬ್ಬರು ಎತ್ತಿಕೊಂಡು, ಒಬ್ಬರ ಮೇಲೊಬ್ಬರು ಹಾಡಿದರೂ ಸ್ವರ ಕೆಡದ ಹಾಗೆ ಹೆಣೆಯುವ ಕಸರತ್ತು. ಆ ನಾಲ್ವರ ಹಾಡು ಎಲ್ಲಿಂದ ಬಂತು ಅಂದರೆ, ಇಲ್ಲಿಂದ.

1836ರಲ್ಲಿ ಬರೆಟ್ಸಿಯವರ ಮಗಳು ಮಾರ್ಗರಿಟಾಳ ಜೊತೆ ಮದುವೆ. ಒಂದು ಹೆಣ್ಣು, ಒಂದು ಗಂಡು. ಮಗಳು 1838ರಲ್ಲಿ ತೀರಿಕೊಂಡಳು. ಮಗ 1839ರಲ್ಲಿ. 1840ರ ಜೂನ್‌ನಲ್ಲಿ ಹೆಂಡತಿಯೂ ಹೋದಳು, ಇನ್ನೂ ಇಪ್ಪತ್ತಾರು ವಯಸ್ಸು. ಎಷ್ಟೋ ವರ್ಷದ ಮೇಲೆ ವೆರ್ದಿ ಇದನ್ನು ನೆನಪಿಸಿಕೊಂಡಾಗ, ಮೂವರೂ ಎರಡೇ ತಿಂಗಳಲ್ಲಿ ಹೋದರು ಎಂದು ಹೇಳಿದ್ದರು. ದಾಖಲೆ ನೋಡಿದರೆ ಅದು ಸುಮಾರು ಎರಡು ವರ್ಷದಲ್ಲಿ ನಡೆದದ್ದು. ಕೆಲವರು ಇದನ್ನು ಉತ್ಪ್ರೇಕ್ಷೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ದುಃಖದ ಲೆಕ್ಕದಲ್ಲಿ ಎರಡು ವರ್ಷ ಎರಡು ತಿಂಗಳಾಗಿ ಕುಗ್ಗಿಹೋಗಿರುತ್ತದೆ, ಅಷ್ಟೇ.

ಅದೇ ಹೊತ್ತಿನಲ್ಲಿ ಲಾ ಸ್ಕಾಲಾಕ್ಕೆ ಒಂದು ಹಾಸ್ಯ ಒಪೆರಾ ಬರೆದು ಕೊಡುವ ಒಪ್ಪಂದ ತಲೆಯ ಮೇಲಿತ್ತು. ಬರೆದು ಕೊಟ್ಟರು. ಸೆಪ್ಟೆಂಬರ್‌ನಲ್ಲಿ ರಂಗಕ್ಕೆ ಬಂತು, ಜನ ಕೂಗಿ ಗಲಾಟೆ ಮಾಡಿದರು, ಒಂದೇ ಪ್ರದರ್ಶನಕ್ಕೆ ಮುಗಿಯಿತು. ಇನ್ನು ಸಂಗೀತವೇ ಬೇಡ ಎಂದು ಕೂತಿದ್ದವರನ್ನು ರಂಗಮಂದಿರದ ಮುಖ್ಯಸ್ಥ ಮೆರೆಲ್ಲಿ ಬಲವಂತ ಮಾಡಿ ಕೈಗೆ ತುರುಕಿದ ಕಥೆಯೇ ‘ನಬುಕ್ಕೊ’. 1842ರ ಮಾರ್ಚ್ 9ರಂದು ಮೊದಲ ಪ್ರದರ್ಶನ. ಅದೇ ವರ್ಷದ ಎರಡನೇ ಸರದಿಯಲ್ಲಿ 57 ಸಲ ಆಡಿದರು. ಸೆರೆಯಲ್ಲಿರುವ ಯಹೂದಿಗಳು ತಮ್ಮ ನಾಡನ್ನು ನೆನೆದು ಹಾಡುವ ‘ವಾ ಪೆನ್ಸಿಯೆರೊ’ ಎಂಬ ಸಮೂಹಗೀತೆ ಇದರದ್ದೇ. ಆಸ್ಟ್ರಿಯನ್ನರ ಕೈಕೆಳಗಿದ್ದ ಮಿಲಾನ್ ಜನ ಮೊದಲ ರಾತ್ರಿಯೇ ಈ ಹಾಡಿಗೆ ಒನ್ಸ್ ಮೋರ್ ಕೂಗಿದರು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಸಂಶೋಧಕರು ಆ ಕಾಲದ ಪತ್ರಿಕೆಗಳನ್ನು ತೆಗೆದು ನೋಡಿದಾಗ, ಜನ ಮತ್ತೆ ಹಾಡಿಸಿದ್ದು ಅದೇ ಒಪೆರಾದ ಬೇರೊಂದು ಪ್ರಾರ್ಥನೆಯನ್ನು ಎಂದು ಗೊತ್ತಾಗಿದೆ. ‘ವಾ ಪೆನ್ಸಿಯೆರೊ’ ಇಟಲಿಯ ಎದೆಯ ಹಾಡಾಗಿದ್ದು ಆಮೇಲೆ, ನಿಧಾನಕ್ಕೆ. ಒಂದು ವಿಷಯ ನಿಮಗೆ ಹಿಡಿಸಬಹುದು: ಅದರಲ್ಲಿ ಮೇಳದವರೆಲ್ಲ ಹೆಚ್ಚು ಹೊತ್ತು ಒಂದೇ ಸ್ವರದ ಸಾಲನ್ನು ಹಾಡುತ್ತಾರೆ, ನಮ್ಮ ಭಜನೆಯ ಹಾಗೆ. ನಮ್ಮ ಕಿವಿಗೆ ಒಪೆರಾದೊಳಗೆ ಕಾಲಿಡಲು ಅದಕ್ಕಿಂತ ಸಲೀಸು ಬಾಗಿಲಿಲ್ಲ.

ಆಮೇಲಿನ ವರ್ಷಗಳು ದುಡಿತ. ಒಂದರ ಹಿಂದೊಂದು ಒಪೆರಾ. ಆ ಕಾಲವನ್ನು ಅವರೇ ಗುಲಾಮಗಿರಿಯ ವರ್ಷಗಳು ಎಂಬರ್ಥದಲ್ಲಿ ಕರೆದುಕೊಂಡಿದ್ದಾರೆ. ಆಗ ಬರೆದದ್ದೆಲ್ಲ ಒಂದೇ ತೂಕದ್ದಲ್ಲ, ಕೆಲವು ಅವಸರದ ಅಡುಗೆ. ಆದರೆ ಅವುಗಳ ನಡುವೆಯೇ ಒಂದು ಹಟ ಬೆಳೆಯುತ್ತಾ ಬಂತು. ‘ಮ್ಯಾಕ್‌ಬೆತ್’ ಒಪೆರಾವನ್ನು 1848ರಲ್ಲಿ ನೇಪಲ್ಸ್‌ನಲ್ಲಿ ಆಡುವಾಗ, ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ಆರಿಸಿದ್ದ ಗಾಯಕಿ ಬೇಡ ಎಂದು ಬರೆದರು. ಕಾರಣ? ಅವಳ ದನಿ ತುಂಬ ಚೆನ್ನಾಗಿದೆ. ನನಗೆ ಒರಟಾದ, ಉಸಿರು ಕಟ್ಟಿದ, ಕತ್ತಲೆಯ ದನಿ ಬೇಕು ಎಂದರು. ದನಿಯ ಸೊಗಸಿಗೇ ಜನ ದುಡ್ಡು ಕೊಡುತ್ತಿದ್ದ ಕಾಲ ಅದು. ನೀವು ಕಿರುಚಾಟ ಅಂದಿರಲ್ಲ, ಕೆಲವು ಕಡೆ ಅದು ವೆರ್ದಿ ಬೇಕೆಂದೇ ಕೇಳಿದ್ದು.

ರಿಗೊಲೆಟ್ಟೊ 1851ರಲ್ಲಿ ವೆನಿಸ್‌ನ ಲಾ ಫೆನಿಚೆಯಲ್ಲಿ ಬಂತು. ಸೆನ್ಸಾರಿನವರಿಗೆ ರಂಗದ ಮೇಲೆ ಲಂಪಟ ರಾಜ ಬೇಡ, ಶಾಪ ಬೇಡ, ಗೂನು ಬೆನ್ನು ಬೇಡ, ಹೆಣದ ಚೀಲ ಬೇಡ. ರಾಜನನ್ನು ಡ್ಯೂಕ್ ಮಾಡಲು ವೆರ್ದಿ ಒಪ್ಪಿದರು. ಗೂನು ಬೆನ್ನಿಗೆ ಒಪ್ಪಲಿಲ್ಲ. ಹೊರಗೆ ನಗುವಂತಿರುವ ಮನುಷ್ಯ ಒಳಗೆ ಪ್ರೀತಿಯಿಂದ ತುಂಬಿದ್ದಾನೆ, ನಾನು ಈ ಕಥೆ ಆರಿಸಿದ್ದೇ ಅದಕ್ಕೆ ಎಂದು ಬರೆದು ಕಳಿಸಿದರು. ಚೀಲವೂ ಉಳಿಯಿತು. ಆ ಚೀಲ ಇಲ್ಲದಿದ್ದರೆ ನಿಮ್ಮ ಪಕ್ಕದ ಹಿರಿಯರು ಅಳುತ್ತಿರಲಿಲ್ಲ.

ಅವರು ಅತ್ತ ಜಾಗ ಯಾವುದಿರಬಹುದು ಎಂದು ನಾನು ಊಹಿಸಬಲ್ಲೆ. ‘ಲಾ ದೊನ್ನಾ ಎ ಮೊಬಿಲೆ’, ಡ್ಯೂಕ್‌ನ ಕುಣಿಯುವ ಹಾಡು, ನಮ್ಮಲ್ಲೂ ಎಲ್ಲೋ ಕಿವಿಗೆ ಬಿದ್ದಿರುತ್ತದೆ. ಹೆಂಗಸರ ಮನಸ್ಸು ಗಾಳಿಗೆ ಹಾರುವ ಗರಿ ಎಂದು ಅದರ ಅರ್ಥ, ಹಾಡುವವನ ಮನಸ್ಸೇ ಹಾಗೆ. ಮೊದಲ ಸಲ ಕೇಳಿದಾಗ ಹಗುರ. ಕೊನೆಯಲ್ಲಿ ರಿಗೊಲೆಟ್ಟೊ ಕೈಯಲ್ಲಿ ಚೀಲವಿದೆ. ಒಳಗೆ ಡ್ಯೂಕ್‌ನ ಹೆಣ ಎಂದು ನಂಬಿದ್ದಾನೆ, ನದಿಗೆ ಎಳೆಯಬೇಕು ಅನ್ನುವಷ್ಟರಲ್ಲಿ ದೂರದಿಂದ ಅದೇ ಹಾಡು, ಅದೇ ದನಿ. ಡ್ಯೂಕ್ ಬದುಕಿದ್ದಾನೆ. ಹಾಗಾದರೆ ಚೀಲದಲ್ಲಿ ಯಾರು? ಜಿಲ್ಡಾ. ಸ್ವರ ಒಂದೂ ಬದಲಾಗಿಲ್ಲ. ಕೇಳುವವನ ಬದುಕು ಬದಲಾಗಿದೆ. ನಿಮ್ಮ ಕಿವಿಗೆ ಪಲ್ಲವಿ ಗೊತ್ತು, ಅದು ಹಿಂದಿರುಗಿದಾಗಲೆಲ್ಲ ಸಂಗತಿ ಸೇರಿ ತುಂಬಿಕೊಳ್ಳುತ್ತದೆ. ವೆರ್ದಿ ಅದರ ತದ್ವಿರುದ್ಧ ಕೆಲಸ ಮಾಡುತ್ತಾರೆ, ಸಾಲನ್ನು ಹಾಗೇ ತರುತ್ತಾರೆ, ಅದರ ಸುತ್ತಲಿನ ಜಗತ್ತನ್ನು ಕೆಡವಿರುತ್ತಾರೆ. ಈ ಒಂದು ವಿಷಯ ಹಿಡಿದುಕೊಂಡರೆ ಇಟಾಲಿಯನ್ ಬೇಕಾಗುವುದಿಲ್ಲ.

ಟ್ರಾವಿಯಾಟಾಕ್ಕೆ ಬರೋಣ. ಪ್ಯಾರಿಸ್‌ನಲ್ಲಿ ಮಾರಿ ದ್ಯುಪ್ಲೆಸಿ ಎಂಬ ಹೆಣ್ಣುಮಗಳಿದ್ದಳು, ಶ್ರೀಮಂತರು ಇಟ್ಟುಕೊಂಡವಳು ಎಂದು ಜನ ಆಡಿಕೊಳ್ಳುತ್ತಿದ್ದವಳು. 1847ರಲ್ಲಿ ಕ್ಷಯದಿಂದ ಸತ್ತಾಗ ಅವಳಿಗೆ 23 ವರ್ಷ. ಅವಳನ್ನು ಪ್ರೀತಿಸಿದ್ದ ಫ್ರೆಂಚ್ ಲೇಖಕ ಕಿರಿಯ ಡ್ಯೂಮಾ ಅದನ್ನೇ ಕಾದಂಬರಿ ಮಾಡಿದ, ನಾಟಕ ಮಾಡಿದ. ಟ್ರಾವಿಯಾಟಾದ ಮೂಲ ಆ ನಾಟಕವೇ. ಆ ನಾಟಕ 1852ರಲ್ಲಿ ರಂಗಕ್ಕೆ ಬಂದ ಚಳಿಗಾಲದಲ್ಲಿ ವೆರ್ದಿ ಪ್ಯಾರಿಸ್‌ನಲ್ಲೇ ಇದ್ದರು, ಜುಸೆಪ್ಪಿನಾ ಸ್ಟ್ರೆಪ್ಪೋನಿಯ ಜೊತೆ. ಈಕೆ ನಬುಕ್ಕೊದಲ್ಲಿ ಹಾಡಿದ್ದ ಗಾಯಕಿ. ಮದುವೆಗೆ ಮುಂಚೆಯೇ ಇಬ್ಬರೂ ಒಟ್ಟಿಗೆ ಬಾಳುತ್ತಿದ್ದರು, ಮದುವೆಯಾದದ್ದು 1859ರಲ್ಲಿ. ಬುಸೆಟ್ಟೊದಂಥ ಸಣ್ಣ ಊರು ಆಕೆಯನ್ನು ಹೇಗೆ ನೋಡಿರಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ. ತಂದೆಯಂತಿದ್ದ ಬರೆಟ್ಸಿಯವರೂ ಬೇಸರದಿಂದ ಬರೆದಾಗ, ನನ್ನ ಮನೆಯಲ್ಲಿರುವ ಹೆಣ್ಣು ಯಾರಿಗೂ ಲೆಕ್ಕ ಒಪ್ಪಿಸಬೇಕಾದವಳಲ್ಲ, ಆಕೆಗೆ ಸಿಗಬೇಕಾದ ಗೌರವ ನಾನು ಕೇಳುತ್ತೇನೆ ಎನ್ನುವ ಧಾಟಿಯಲ್ಲಿ ವೆರ್ದಿ ಉತ್ತರ ಕೊಟ್ಟರು. ಟ್ರಾವಿಯಾಟಾದ ನಾಯಕಿ ವಿಯೊಲೆಟ್ಟಾ ಎಂದರೆ ಸ್ಟ್ರೆಪ್ಪೋನಿಯೇ ಎಂದು ಬರೆಯುವವರಿದ್ದಾರೆ. ಅಷ್ಟು ನೇರವಾಗಿ ಗಂಟು ಹಾಕುವುದು ಸರಿಯಲ್ಲ. ಆದರೆ ಊರ ಬಾಯಿಗೆ ಸಿಕ್ಕ ಹೆಣ್ಣಿನ ಪಕ್ಕ ಕೂತು ಊಟ ಮಾಡಿದ ಮನುಷ್ಯ ಬರೆದ ಸಂಗೀತ ಇದು, ಅದು ಕೇಳಿಸುತ್ತದೆ.

ಎರಡನೇ ಅಂಕದ ಆ ದೊಡ್ಡ ಸಂಭಾಷಣೆಗೆ ಎಚ್ಚರವಾಗಿರಿ. ವಿಯೊಲೆಟ್ಟಾಳ ಪ್ರಿಯಕರ ಆಲ್ಫ್ರೆಡೊನ ಅಪ್ಪ ಜೆರ್ಮೊಂಟ್ ಬಂದು, ನನ್ನ ಮಗನನ್ನು ಬಿಡು ಅನ್ನುತ್ತಾನೆ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ನಿನ್ನಿಂದಾಗಿ ಸಂಬಂಧ ಮುರಿಯುತ್ತದೆ ಅನ್ನುತ್ತಾನೆ. ಈ ಮಾತು ನಮಗೆ ಹೊಸದಾ? ಅವನನ್ನು ಖಳನಾಯಕ ಮಾಡಿಬಿಡುವುದು ಸುಲಭವಿತ್ತು. ವೆರ್ದಿ ಅವನಿಗೆ ಮೃದುವಾದ, ಮರ್ಯಾದಸ್ಥ ಸಾಲು ಕೊಟ್ಟರು. ಅವನು ಕೆಟ್ಟವನಲ್ಲ, ಅವನ ಲೆಕ್ಕದಲ್ಲಿ ಸರಿಯಾದ್ದನ್ನೇ ಕೇಳುತ್ತಿದ್ದಾನೆ. ಅದಕ್ಕೇ ಅದು ಅಷ್ಟು ನೋಯಿಸುತ್ತದೆ. ವಿಯೊಲೆಟ್ಟಾ ಮೊದಲು ಉಸಿರುಗಟ್ಟಿದ ಹಾಗೆ ತುಂಡುತುಂಡಾಗಿ ಎದುರಾಡುತ್ತಾಳೆ. ಆಮೇಲೆ ಒಂದು ಘಳಿಗೆಯಲ್ಲಿ ಸೋಲುತ್ತಾಳೆ, ಆಗ ಆರ್ಕೆಸ್ಟ್ರಾ ಬಹುತೇಕ ಸುಮ್ಮನಾಗುತ್ತದೆ, ಅವಳು ತುಂಬ ಸಣ್ಣ ದನಿಯಲ್ಲಿ, ಆ ಹುಡುಗಿಗೆ ಹೇಳಿ ಎಂದು ಶುರು ಮಾಡುತ್ತಾಳೆ. ಕೊನೆಗೆ ಅವನನ್ನು ಕೇಳುವುದು ಒಂದೇ: ನನ್ನನ್ನು ಮಗಳು ಅಂದುಕೊಂಡು ಒಮ್ಮೆ ಅಪ್ಪಿಕೊಳ್ಳಿ. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಈ ಸಾಲಿಗೆ ಬಂದಾಗ ಪ್ರತಿ ಸಲವೂ ನನಗೆ ಗಂಟಲು ಕಟ್ಟುತ್ತದೆ.

1853ರ ಮಾರ್ಚ್ 6ರಂದು ವೆನಿಸ್‌ನಲ್ಲಿ ಇದರ ಮೊದಲ ಪ್ರದರ್ಶನ ಸೋತಿತು. ತಪ್ಪು ನನ್ನದೋ ಗಾಯಕರದೋ, ಕಾಲವೇ ಹೇಳಲಿ ಎಂದು ವೆರ್ದಿ ಶಿಷ್ಯನಿಗೆ ಬರೆದರು. ಮರುವರ್ಷ ಮೇ ತಿಂಗಳಲ್ಲಿ, ಕೆಲವು ಕಡೆ ತಿದ್ದಿ, ಬೇರೆ ಗಾಯಕರನ್ನು ಹಾಕಿ ಅದೇ ಊರಿನ ಇನ್ನೊಂದು ರಂಗಮಂದಿರದಲ್ಲಿ ಆಡಿದಾಗ ಗೆದ್ದಿತು. ಕಥೆ ತಮ್ಮ ಕಾಲದ್ದು, ಉಡುಪೂ ತಮ್ಮ ಕಾಲದ್ದೇ ಇರಲಿ ಎಂದು ಅವರು ಬಯಸಿದ್ದರು, ಆದರೆ ಅಧಿಕಾರಿಗಳು 1700ರ ಸುಮಾರಿಗೆ ತಳ್ಳಿಸಿದರು. ಮುಂದೆ ಕೂತಿದ್ದ ಗೌರವಸ್ಥರು ತಮ್ಮನ್ನೇ ರಂಗದ ಮೇಲೆ ನೋಡುವುದು ಬೇಡವಾಗಿತ್ತು.

ಉಳಿದದ್ದನ್ನು ಬೇಗ ಹೇಳುತ್ತೇನೆ. ದುಡ್ಡು ಬಂದ ಮೇಲೆ ಅವರು ಬುಸೆಟ್ಟೊ ಹತ್ತಿರದ ಸಾಂತ್ ಆಗತಾದಲ್ಲಿ ಜಮೀನು ಕೊಂಡು, ನಿಜವಾಗಿಯೂ ಬೇಸಾಯ ಮಾಡಿದರು. ‘ಐದಾ’ 1871ರ ಕೊನೆಯಲ್ಲಿ ಕೈರೊದಲ್ಲಿ ಬಂತು. ಅದು ಸೂಯೆಜ್ ಕಾಲುವೆಯ ಉದ್ಘಾಟನೆಗೆ ಬರೆದದ್ದು ಅನ್ನುವುದು ತಪ್ಪು, ಕಾಲುವೆ ತೆರೆದದ್ದು 1869ರಲ್ಲಿ. ಆಮೇಲೆ ಹದಿನಾರು ವರ್ಷ ಹೊಸ ಒಪೆರಾ ಇಲ್ಲ. ಎಲ್ಲರೂ ಮುಗಿಯಿತು ಅಂದುಕೊಂಡಿದ್ದಾಗ, ಕವಿ ಬೊಯಿಟೊ ಬೆನ್ನು ಬಿಡದೆ ಹಿಡಿದು ಬರೆಸಿದ ‘ಒಟೆಲ್ಲೊ’ 1887ರಲ್ಲಿ ಬಂತು. ಅವರ ಒಪೆರಾಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 1893ರಲ್ಲಿ, 79ನೇ ವಯಸ್ಸಿನಲ್ಲಿ, ‘ಫಾಲ್‌ಸ್ಟಾಫ್’ ಎಂಬ ಹಾಸ್ಯ. ಮಾರ್ಗರಿಟಾ ಸತ್ತ ವರ್ಷ ಆ ಹಾಸ್ಯ ಒಪೆರಾ ಸೋತ ಮೇಲೆ, ಹಾಸ್ಯಕ್ಕೆ ಮತ್ತೆ ಕೈ ಹಾಕಲು ಐವತ್ಮೂರು ವರ್ಷ ಬೇಕಾಯಿತು. ಅದರ ಕೊನೆಯಲ್ಲಿ ಎಲ್ಲ ಪಾತ್ರಗಳೂ ಸೇರಿ ಹಾಡುವುದು ಏನು ಗೊತ್ತಾ? ಒಂದು ಫ್ಯೂಗ್. ಲವೀಞ ಗುರುಗಳು ಬರೆಸುತ್ತಿದ್ದ ಅದೇ ಪಾಠ.

ಟ್ರಾವಿಯಾಟಾ ನೋಡುವ ದಿನ ಬೆಳಿಗ್ಗೆ ಮಗಳ ಜೊತೆ ಮೆಟ್ರೊದಲ್ಲಿ ಬುವೊನರೋತಿ ನಿಲ್ದಾಣಕ್ಕೆ ಹೋಗಿ ಇಳಿಯಿರಿ. ಚೌಕದ ಎದುರಿಗೇ ವೆರ್ದಿ ಕಟ್ಟಿಸಿದ ಮನೆಯಿದೆ, ವಯಸ್ಸಾದ, ಕೈಯಲ್ಲಿ ಕಾಸಿಲ್ಲದ ಸಂಗೀತಗಾರರಿಗಾಗಿ. ಕಟ್ಟಡ 1899ಕ್ಕೇ ಮುಗಿದಿತ್ತು, ಆದರೆ ತಾವು ಸತ್ತ ಮೇಲೆಯೇ ತೆರೆಯಬೇಕು ಎಂದು ಹೇಳಿದ್ದರು, ಯಾರೂ ಬಂದು ಕೈ ಮುಗಿಯುವುದು ಬೇಡ ಅಂತ. 1901ರ ಜನವರಿ 27ರಂದು ತೀರಿಕೊಂಡರು, 1902ರಲ್ಲಿ ಬಾಗಿಲು ತೆರೆಯಿತು. ಇವತ್ತಿಗೂ ಅಲ್ಲಿ ಸಂಗೀತಗಾರರು ವಾಸವಿದ್ದಾರೆ. ವೆರ್ದಿ ಮತ್ತು ಜುಸೆಪ್ಪಿನಾ ಇಬ್ಬರ ಸಮಾಧಿಯೂ ಅಲ್ಲೇ ಇದೆ.

ಸಂಜೆ ರಂಗಮಂದಿರದಲ್ಲಿ ಮುಂದಿನ ಸೀಟಿನ ಹಿಂಬದಿಯ ಪುಟ್ಟ ಪರದೆಯಲ್ಲಿ ಇಂಗ್ಲಿಷ್ ಅನುವಾದ ಬರುತ್ತದೆ. ಅದನ್ನೇ ನೋಡುತ್ತಾ ಕೂರಬೇಡಿ. ಕಥೆ ಮನೆಯಲ್ಲೇ ಓದಿಕೊಂಡು ಹೋಗಿ. ಒಂದು ವಾರ ಮುಂಚೆ ಮೊದಲ ಅಂಕದಲ್ಲಿ ಆಲ್ಫ್ರೆಡೊ ತನ್ನ ಪ್ರೀತಿ ಹೇಳಿಕೊಳ್ಳುವ ‘ದಿ ಕ್ವೆಲ್ ಅಮೋರ್’ ಎಂಬ ಸಾಲನ್ನು ನಾಲ್ಕೈದು ಸಲ ಕೇಳಿ, ಬಾಯಲ್ಲಿ ಗುನುಗುವಷ್ಟು. ಅಷ್ಟು ಸಾಕು. ಮೂರನೇ ಅಂಕದಲ್ಲಿ ವಿಯೊಲೆಟ್ಟಾ ಹಾಸಿಗೆ ಹಿಡಿದಿದ್ದಾಳೆ. ಜೆರ್ಮೊಂಟ್ ಬರೆದ ಪತ್ರ ತೆಗೆದು ಓದುತ್ತಾಳೆ. ಹಾಡುವುದಿಲ್ಲ, ಸುಮ್ನೆ ಮಾತಿನಲ್ಲಿ ಓದುತ್ತಾಳೆ, ಇಡೀ ಒಪೆರಾದಲ್ಲಿ ಅವಳ ದನಿಯಿಂದ ಸ್ವರ ಹೊರಟುಹೋಗುವ ಜಾಗ ಅದು. ಆ ಮಾತಿನ ಕೆಳಗೆ ವಯಲಿನ್ ಒಂದು ಸಾಲು ನುಡಿಸುತ್ತಿರುತ್ತದೆ, ತೀರಾ ಮೆಲ್ಲಗೆ. ಯಾವ ಸಾಲು ಎಂದು ಆಗ ನಿಮಗೆ ಯಾರೂ ಹೇಳಬೇಕಾಗುವುದಿಲ್ಲ. ಪತ್ರ ಮಡಿಸಿ ಅವಳು ಒಂದೇ ಮಾತು ಅನ್ನುತ್ತಾಳೆ, ‘ಎ ತಾರ್ದಿ’. ತಡವಾಯಿತು ಅಂತ.